ತೊಂಬತ್ತಾರು ಪಾಲು ಖಾಲಿ

ಕುರುಬರ ಮನೆಯಲ್ಲಿ ಹುಟ್ಟಿ ಉಣ್ಣೆ ಕಂಡರೆ ಸೀನುವವನು ಇಡೀ ಹುನಗುಂದ ತಾಲೂಕಿನಲ್ಲಿ ಒಬ್ಬನೇ ಇದ್ದ. ಅವನೇ ನಮ್ಮ ಅಮಸಿದ್ದಪ್ಪ. ಹುಟ್ಟಿದ ಕೂಡಲೇ ಪದ್ಧತಿಯಂತೆ ಕಂಬಳಿಯ ಮೇಲೆ ಹಾಕಿದರೆ, ಕೂಸು ಅಳುವ ಮೊದಲೇ ಸೀನಿತಂತೆ. ಸೂಲಗಿತ್ತಿ ಮೂಗಿನ ಮೇಲೆ ಬೆರಳಿಟ್ಟು, "ಯವ್ವಾ, ಇದು ನಮ್ಮ ಪೈಕಿ ಅಲ್ಲ ಬಿಡು" ಅಂದಳಂತೆ. ಬೀರಪ್ಪ ದೇವರ ಲೀಲೆ ದೊಡ್ಡದು. ಇಂಥ ಮೂಗು ಕೊಟ್ಟವನು ಅದಕ್ಕೆ ತಕ್ಕ ನೌಕರಿಯನ್ನೂ ಕೊಡಬೇಕಲ್ಲ? ಕೊಟ್ಟ. ಇಳಕಲ್ಲಿನ ಕುರಿ-ಉಣ್ಣೆ ಸಹಕಾರ ಸಂಘದಲ್ಲಿ, ಅದೂ ರಾಮಥಾಳದ ಗೋದಾಮಿನಲ್ಲಿ, ಉಣ್ಣೆ ತೂಗುವ ಕಾರಕೂನನ ಕೆಲಸ.

ಗೋದಾಮಿನಲ್ಲಿ ಅವನ ಬಾಳು ನಾಯಿಪಾಡಾಯಿತು. ಯಾರಾದರೂ ಉಣ್ಣೆಯ ಗಂಟನ್ನು ತಕ್ಕಡಿಗೆ ಏರಿಸುತ್ತಿದ್ದಂತೆ ಇವನು ಸೀನಬೇಕು. ಒಂಟಿ ಸೀನು ಅಪಶಕುನ, ಇದು ಕೂಸಿಗೂ ಗೊತ್ತು. ತಂದವನು "ಥೂ ನಿನ್ನ" ಎಂದು ಗಂಟು ಇಳಿಸಿ, ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಸ್ವಲ್ಪ ಹೊತ್ತು ಕುಳಿತು ಮತ್ತೆ ಏರಿಸುತ್ತಿದ್ದ. ಇವನು ಮತ್ತೆ ಸೀನುತ್ತಿದ್ದ. ಒಬ್ಬ ಮುದುಕನಂತೂ ಮಗಳ ಮದುವೆಗೆ ಮಾರಲು ತಂದ ಉಣ್ಣೆಯನ್ನು ಹೊತ್ತುಕೊಂಡು ವಾಪಸು ಹೋದ. ಮನೆಗೆ ಬಂದರೆ ಕಣ್ಣು ಕೆಂಡ, ಮೂಗು ಹಾಗಲಕಾಯಿ. ಹೆಂಡತಿ ಲಗಮವ್ವ ಉಪ್ಪಿನ ಶಾಖ ಕೊಟ್ಟಳು. ಸಂಘದ ಮುದಿ ಸಿಪಾಯಿ ಇಮಾಮಸಾಬನ ಹೆಂಡತಿ ಹಜರತಬಿ ಅಜವಾನದ ಪೊಟ್ಟಣ ಕಟ್ಟಿ ಕಳಿಸಿದಳು. ಅದನ್ನು ಮೂಸಿದ್ದಕ್ಕೆ ಇನ್ನೆರಡು ಸೀನು ಹೆಚ್ಚಾಗಿ ಬಂದವು, ಅಷ್ಟೇ ಫಲ.

ಎಂಬತ್ತೇಳನೇ ಇಸವಿಯಲ್ಲಿ ಅವನ ದೆಸೆ ತಿರುಗಿತು. ದೇಶವೆಲ್ಲ ಇಪ್ಪತ್ತೊಂದನೇ ಶತಮಾನಕ್ಕೆ ಹೊರಟಿದೆ, ಇಳಕಲ್ಲು ಒಂದೇ ಬಸ್ಸು ತಪ್ಪಿಸಿಕೊಳ್ಳಬಾರದು ಎಂದು ವಿಜಾಪುರದ ತಪಾಸಣೆ ಸಾಹೇಬರು ಶಿಫಾರಸು ಮಾಡಿ, ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಕಪಾಟಿನಷ್ಟು ಎತ್ತರದ ಯಂತ್ರ. ಅದಕ್ಕೆ ತಂತಿ ಕಟ್ಟಿದ ಮೂರು ಪರದೆಗಳು. ಒಂದು ಯಂತ್ರದ ಖೋಲಿಯಲ್ಲಿ, ಇನ್ನೊಂದು ತೂಕದ ಚೀಟಿ ಬರೆಯುವ ಹಿರಿಯ ಕಾರಕೂನ ಅಮೀನಸಾಬನ ಮೇಜಿನ ಮೇಲೆ, ಮೂರನೆಯದು ಅಧ್ಯಕ್ಷ ಮುದಕಪ್ಪನವರ ಕೋಣೆಯಲ್ಲಿ. ಮುದಕಪ್ಪನವರು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಎಲೆ ಅಡಿಕೆ ಡಬ್ಬಿ ಇಟ್ಟುಕೊಂಡರು. ನೋಡಲು ಬಂದವರೆಲ್ಲ ಕೇಳುವುದು ಒಂದೇ ಮಾತು: "ಟೀವಿ ಬರಂಗಿಲ್ಲೇನ್ರಿ ಇದ್ರಾಗ?"

ಯಂತ್ರ ಕೂಡಿಸಲು ಬಂದ ಹುಬ್ಬಳ್ಳಿಯ ಇಂಜಿನಿಯರು ಮೊದಲೇ ಎಚ್ಚರಿಕೆ ಕೊಟ್ಟ. "ಧೂಳು ಅಂದ್ರ ಈ ಯಂತ್ರಕ್ಕ ವಿಷ. ಉಣ್ಣಿ ಸಂಘ ಬ್ಯಾರೆ ನಿಮ್ಮದು. ಒಂದೆಳಿ ಒಳಗ ಬಂದ್ರೂ ಕೆಟ್ಟೀತು. ಧೂಳಿನ ಮ್ಯಾಲ ಕಣ್ಣಿಡೋ ಮನುಷ್ಯಾ ಒಬ್ಬ ಬೇಕು."

"ಕಣ್ಣ ಯಾಕ್ರಿ?" ಅಂದರು ಮುದಕಪ್ಪನವರು. "ನಮ್ಮಲ್ಲಿ ಮೂಗ ಐತಿ."

ಹೀಗೆ ಅಮಸಿದ್ದಪ್ಪ ರಾಮಥಾಳದಿಂದ ಇಳಕಲ್ಲಿಗೆ ಬಂದ. ಯಂತ್ರದ ಖೋಲಿಗೆ ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಧೂಳಿಲ್ಲ, ಉಣ್ಣೆಯಿಲ್ಲ. ಮೊದಲ ದಿನ ಬಾಗಿಲು ಹಾಕಿಕೊಂಡು ಕುಳಿತವನು ಸಂಜೆಯವರೆಗೂ ಸೀನಲಿಲ್ಲ. ಆ ರಾತ್ರಿ ಗಂಡ ಸೀನದೆ ಮಲಗಿದ್ದು ಕಂಡು ಲಗಮವ್ವನಿಗೆ ಗಾಬರಿಯಾಗಿ, ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಅಮಸಿದ್ದಪ್ಪ ಎಚ್ಚರಾಗಿ ಹೆಂಡತಿಯ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. "ಲಗಮಿ, ನಾ ಬದುಕಿದ್ನೇ. ಇನ್ನ ಆ ಗೋದಾಮಿಗೆ ಯಾರು ಎಳದ್ರೂ ಹೋಗಂಗಿಲ್ಲ ನೋಡು."

ಯಂತ್ರದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಒಂದು. ಇಂಜಿನಿಯರು ಕಲಿಸಿಕೊಟ್ಟ ನಾಲ್ಕು ಅಕ್ಷರ ಒತ್ತಿದರೆ ಯಂತ್ರದ ಹಾಲುಹವಾಲು ಪರದೆಯ ಮೇಲೆ ಬರುತ್ತಿತ್ತು: ಅದರ ನೆನಪು ಎಷ್ಟು ದೊಡ್ಡದು, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಯಾವ ಹೆಸರಿನ ಮೇಲೆ ಎಷ್ಟು ಕೆಲಸ ನಡೆದಿದೆ, ಎಲ್ಲ. ಏನಾದರೂ ತೊಂದರೆ ಬಂದರೆ ಇದನ್ನು ನೋಡಿ ಫೋನಿನಲ್ಲಿ ಓದಿ ಹೇಳು ಎಂದಿದ್ದ. ತೊಂದರೆ ಬರಲಿಲ್ಲ, ಜನ ಬಂದರು. ಗುಡೂರಿನಿಂದ, ಹುನಗುಂದದಿಂದ, ಸಂತೆಗೆ ಬಂದವರು, ಬಾಣಂತಿಯರು, ದಾರಿ ತಪ್ಪಿದ ದನ ಹುಡುಕುತ್ತ ಬಂದವರು, ಎಲ್ಲರೂ ನೋಡುವವರೇ. ಅಮಸಿದ್ದಪ್ಪ ಅವರ ಕೈಕಾಲು ತೊಳೆಸಿ, ಹೆಗಲ ಮೇಲಿನ ಕಂಬಳಿ ಹೊರಗೆ ಇಡಿಸಿ, ಪೂಜಾರಿ ಗರ್ಭಗುಡಿಯ ಪರದೆ ಸರಿಸಿದಂತೆ ಗುಂಡಿ ಒತ್ತುತ್ತಿದ್ದ.

"ಇದು ಮೆಮರಿ. ಅಂದ್ರ ನೆನಪು. ಎರಡು ಮೆಗಾ."

"ಎಷ್ಟಾತ್ರಿ ಅದು? ಒಂದು ಚೀಲ?"

"ಚೀಲದಾಗ ಹಿಡಿಯಂಗಿಲ್ಲ."

"ಅಬಾಬಾ! ಮತ್ತ ಆ ತುದಿಗೆ ತೊಂಬತ್ತಾರು ಅಂತೈತಲ್ಲ?"

ಅದರ ಮುಂದೆ 'ಐಡಲ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇಂಜಿನಿಯರು ಅದರ ಅರ್ಥ ಹೇಳಿದ್ದನೋ ಇಲ್ಲವೋ, ಹೇಳಿದ್ದರೂ ಇವನಿಗೆ ನೆನಪಿರಲಿಲ್ಲ. ಆದರೆ ಬಂದವರ ಮುಂದೆ ಗೊತ್ತಿಲ್ಲ ಅನ್ನುವುದುಂಟೇ? ನೂರಕ್ಕೆ ತೊಂಬತ್ತಾರು ಅಂದರೆ ಭೂಮಿಯ ಮೇಲೆ ಇನ್ನೇನಿರಲು ಸಾಧ್ಯ? "ಅದು ಮಾರ್ಕು" ಅಂದ ಅಮಸಿದ್ದಪ್ಪ. "ನೂರಕ್ಕ ತೊಂಬತ್ತಾರು. ಒಮ್ಮೊಮ್ಮೆ ತೊಂಬತ್ತೇಳೂ ಬೀಳ್ತಾವು."

ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಬಿದ್ದರೆ ಪೇಡೆ ಹಂಚುವ ಊರಿದು. ತೊಂಬತ್ತಾರು ಅಂದ ಮೇಲೆ ಕೇಳಬೇಕೆ? ಮುದಕಪ್ಪನವರು ಗುಡೂರಿನ ಬೀಗರಿಗೆ ಹೇಳಿದರು, ಬಾಗಲಕೋಟೆಯ ಅಡತಿ ಅಂಗಡಿಯಲ್ಲಿ ಹೇಳಿದರು, ಕೊನೆಗೆ ಬಾದಾಮಿ ಶಾಖೆಯ ನಿರ್ದೇಶಕ ಮಾಳಪ್ಪನನ್ನು ಬಸ್ ಸ್ಟ್ಯಾಂಡಿನಲ್ಲೇ ಹಿಡಿದು ಹೇಳಿದರು. ಅಲ್ಲಿಯೇ ತಪ್ಪಿದ್ದು. ಯಂತ್ರ ಬಾದಾಮಿಗೆ ಬರಬೇಕಿತ್ತು, ಮುದಕಪ್ಪ ಹಾರಿಸಿಕೊಂಡು ಹೋದ ಎಂದು ಮಾಳಪ್ಪ ಮೊದಲೇ ಹಲ್ಲು ಕಡಿಯುತ್ತಿದ್ದ. ಮೇಲಾಗಿ ಅವನ ಅಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ.

ಮುಂದಿನ ಸಭೆಯಲ್ಲಿ ಮಾಳಪ್ಪ ಚಹಾ ಮುಟ್ಟಲಿಲ್ಲ, ಎದ್ದು ನಿಂತ. "ಅಧ್ಯಕ್ಷರ, ತೊಂಬತ್ತಾರು ಮಾರ್ಕು ಬಿದ್ದಾವಂತ ಊರೂರಿಗೆ ಡಂಗುರ ಹೊಡದ್ರಿ. ಅದರ ಮುಂದಿನ ಇಂಗ್ಲಿಷ್ ಅಕ್ಷರ ನಾ ಬರಕೊಂಡು ಹೋಗಿದ್ದೆ, ಅದಕ್ಕ ಅರ್ಥ ಏನು ಗೊತ್ತೈತೇನ್ರಿ? ನನ್ನ ಅಳಿಯಾ ಡಿಕ್ಷನರಿ ತಗದು ತೋರಿಸ್ಯಾನ. ಸುಮ್ನ ಖಾಲಿ ಕುಂತೈತಿ ಅಂತ! ನೂರು ಪಾಲಿನ್ಯಾಗ ತೊಂಬತ್ತಾರು ಪಾಲು ಖಾಲಿ!"

ಎಲ್ಲರ ಕಣ್ಣೂ ಬಾಗಿಲ ಬಳಿ ನಿಂತಿದ್ದ ಅಮಸಿದ್ದಪ್ಪನ ಮೇಲೆ ಬಿದ್ದವು. ಮುದಕಪ್ಪನವರು ತಿರುಗಿದರು. "ಏನಲೇ ಅಮಸಿದ್ದಾ? ಖರೇನ?"

"ಖಾಲಿ ಅಂದ್ರ... ಇನ್ನೂ ಅಷ್ಟು ಕಸುವು ಉಳದೈತಿ ಅಂತ್ರಿ," ಎಂದು ಅಮಸಿದ್ದಪ್ಪ ತೊದಲಿದ.

ಹುನಗುಂದದ ನಿರ್ದೇಶಕಿ ಚಂದವ್ವ ಸೆರಗು ಬಿಗಿದುಕೊಂಡು, "ನಾಲ್ಕು ಪಾಲು ದುಡದು ತೊಂಬತ್ತಾರು ಪಾಲು ಕುಂದ್ರವ್ರು ನಮ್ಮನ್ಯಾಗೂ ಒಬ್ರು ಅದಾರ್ರಿ," ಅಂದಳು. "ಅವರಿಗೆ ನಾವು ಥಂಡ ಗಾಳಿ ಖೋಲಿ ಕಟ್ಟಿಸಿಕೊಟ್ಟಿಲ್ಲ."

"ಗ್ವಾದ್ಲಿಯಾಗ ಎತ್ತು ಖಾಲಿ ನಿಂತ್ರ ನಮ್ಮ ಕಡೆ ಏನ್ ಮಾಡ್ತಾರ?" ಮಾಳಪ್ಪ ಕೇಳಿದ. "ಮುಯ್ಯಿಗೆ ಕೊಡ್ತಾರೋ ಇಲ್ಲೋ?"

ಮುಯ್ಯಿ ಅಂದರೆ ಅಲ್ಲಿ ಕುಳಿತವರಿಗೆ ವೇದವಾಕ್ಯ. ಇವತ್ತು ನನ್ನ ಎತ್ತು ನಿನ್ನ ಹೊಲದಲ್ಲಿ, ನಾಳೆ ನಿನ್ನ ಎತ್ತು ನನ್ನ ಹೊಲದಲ್ಲಿ. ಹೀಗೆ ಅವರಜ್ಜಂದಿರ ಕಾಲದಿಂದ ನಡೆದು ಬಂದಿದೆ. ಮುಯ್ಯಿ ಕೇಳಿದವರಿಗೆ ಇಲ್ಲ ಅಂದರೆ ನೀರು ನೆರಳು ಬಂದ್. ಮುದಕಪ್ಪನವರು ಮೀಸೆ ತಿರುವಿ ದಾರಿ ಹುಡುಕಿದರು. "ಮುಯ್ಯಿ ಅಂದ್ರ ತಿರುಗಿ ಬರಬೇಕಲ್ಲೋ ಮಾಳಪ್ಪ. ಬಾದಾಮಿಯವರು ನಮಗ ಏನ್ ಕೊಡ್ತೀರಿ?"

"ನಮ್ಮಲ್ಲಿ ಒಂದು ಟೈಪರೈಟರ್ ಐತಿ. 'ಕ' ಒಂದು ಬೀಳಂಗಿಲ್ಲ. ಉಳದದ್ದೆಲ್ಲಾ ಬೀಳ್ತೈತಿ."

ಕುರಿ ಸಂಘಕ್ಕೆ 'ಕ' ಬೀಳದ ಟೈಪರೈಟರು ಏನಾದೀತು ಎಂಬ ಬಗ್ಗೆ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ತೀರ್ಮಾನವಾಯಿತು. ಯಂತ್ರ ಇಳಕಲ್ಲಿನಲ್ಲೇ ಇರತಕ್ಕದ್ದು. ಅದರ ಖಾಲಿ ಪಾಲನ್ನು ಮಾತ್ರ ನಿರ್ದೇಶಕರು ಮುಯ್ಯಿಯ ಮೇಲೆ ಹಂಚಿಕೊಳ್ಳತಕ್ಕದ್ದು. ಅಧ್ಯಕ್ಷರಿಗೆ ಮೂವತ್ತು. ಬಾದಾಮಿಗೆ ಇಪ್ಪತ್ತೈದು. ಹೆಂಗಸರ ಪರವಾಗಿ ಚಂದವ್ವನಿಗೆ ಹದಿನೈದು. ಉಳಿದ ನಿರ್ದೇಶಕರಿಗೆಲ್ಲ ಸೇರಿ ಹದಿನಾರು. ಹತ್ತು ಪಾಲು ಮುಂದಿನ ಪೀಳಿಗೆಗೆ ಕಾದಿರಿಸತಕ್ಕದ್ದು. ಸಂಘದ ಕೆಲಸಕ್ಕೆ ಈಗಿರುವ ನಾಲ್ಕು ಪಾಲು ಧಾರಾಳ ಸಾಕು ಎಂದು ಎಲ್ಲರೂ ಒಪ್ಪಿದರು. ಆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ.

"ಆದ್ರ ಒಂದು ಮಾತು," ಅಂದ ಮಾಳಪ್ಪ. "ವಿಜಾಪುರದ ಸಾಹೇಬ್ರು ತಪಾಸಣಿಗೆ ಬರೂದೈತಿ. ಅವರು ಬಂದಾಗೂ ಇದು ಖಾಲಿ ಕುಂತಿದ್ರ, ನಾ ಲಾರಿ ತಂದು ಬಾದಾಮಿಗೆ ಹೇರಿಕೊಂಡು ಹೋಗೂದ."

"ಒಯ್ಯೋ ಮಾರಾಯಾ," ಅಂದರು ಮುದಕಪ್ಪನವರು. "ಈ ಅಮಸಿದ್ದನ್ನ ರಾಮಥಾಳದ ಗೋದಾಮಿಗೆ ಕಳಸ್ತೀನಿ. ಮಾರ್ಕ ಅಂದ ನೋಡು ಮಗಾ!"

ಮಾತು ಕಿವಿಗೆ ಬೀಳುವುದಕ್ಕೆ ಮೊದಲೇ ಅಮಸಿದ್ದಪ್ಪನ ಮೂಗು ತುರಿಸತೊಡಗಿತು.

ಮರುದಿನದಿಂದ ಪಾಲು ಒಯ್ಯಲು ಜನ ಬಂದರು. ಮೊದಲು ಬಂದವನು ಮಾಳಪ್ಪನೇ. ಬಾದಾಮಿಯಿಂದ ಬೆಳಗಿನ ಬಸ್ಸು ಹಿಡಿದು, ಅರ್ಧ ದಾರಿ ನಿಂತುಕೊಂಡೇ ಬಂದಿದ್ದ. ಒಂದು ಕೈಯಲ್ಲಿ ರೊಟ್ಟಿಬುತ್ತಿ, ಯಾಕೆಂದರೆ ಇಪ್ಪತ್ತೈದು ಪಾಲು ಅಂದರೆ ಸಂಜೆಯಾದರೂ ಆದೀತು. ತನ್ನ ಹಿಂಡಿನ ಕುರಿಗಳ ಹೆಸರು, ವಯಸ್ಸು ಎಲ್ಲವನ್ನೂ ಬಾಯಿಯಲ್ಲೇ ಹೇಳಿದ. ಕರಿಮೂತಿ, ಜೋಲಕಿವಿ, ಗಿಡ್ಡಿ, ಕುಂಟಬಸವಿ... ಅಮೀನಸಾಬ ಹೇಳಿಕೊಟ್ಟಂತೆ ಅಮಸಿದ್ದಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಹಿರಿಯದರಿಂದ ಕಿರಿಯದಕ್ಕೆ ಸಾಲಾಗಿ ನಿಲ್ಲಿಸು ಎಂದು ಯಂತ್ರಕ್ಕೆ ಹೇಳಿ ಬೆರಳು ಎತ್ತುವಷ್ಟರಲ್ಲಿ ಕುರಿಗಳು ಸಾಲಾಗಿ ನಿಂತಿದ್ದವು.

ಮಾಳಪ್ಪ ಇನ್ನೂ ತಲೆಯ ಪಟಗ ಬಿಚ್ಚಿ ಕೂರುತ್ತಿದ್ದ. "ಹೂಂ, ಚಾಲೂ ಮಾಡು."

"ಮುಗೀತ್ರಿ."

"ಏನ್ ಮುಗೀತು?"

"ನಿಮ್ಮ ಕೆಲಸ್ರಿ."

ಮಾಳಪ್ಪನ ಮುಖ ಕೆಂಪಾಯಿತು. "ಏ, ಯಾರ ಜೋಡಿ ಮಾತಾಡಾಕತ್ತೀದಿ? ಸರಕಾರಿ ಆಫೀಸಿನ್ಯಾಗ ನನ್ನ ಒಂದು ಕೆಲಸ ಹಿಡಿದ್ರ ವರ್ಷಗಟ್ಟಲೆ ಹಿಡೀತಾರ. ಕೆಲಸಕ್ಕ ಅಷ್ಟು ವಜನ ಐತಿ ಅಂತ! ಇಲ್ಲಿ ನಾ ಕುಂದ್ರೂದ್ರೊಳಗ ಮುಗಸ್ತೀಯಾ? ನನಗ ಹಗರೂ ಪಾಲು ಕೊಟ್ಟು ಮುದಕಪ್ಪಗ ಗಟ್ಟಿ ಪಾಲು ಇಟ್ಟೀಯೇನಲೇ? ತಗಿ ಆ ಲೆಕ್ಕ!"

ಅಮಸಿದ್ದಪ್ಪ ನಾಲ್ಕು ಅಕ್ಷರ ಒತ್ತಿದ. ಪರದೆಯ ಮೇಲೆ ಅದೇ ತೊಂಬತ್ತಾರು ನಗುತ್ತಿತ್ತು. "ನೋಡು! ನನ್ನ ಇಪ್ಪತ್ತೈದು ಅಲ್ಲೇ ಕುಂತಾವು! ಕೊಟ್ಟಿದ್ರ ಕಡಿಮಿ ಆಗಬೇಕಿತ್ತಿಲ್ಲೋ?" ಎಂದು ಕೂಗಾಡಿ, ರೊಟ್ಟಿಬುತ್ತಿಯನ್ನೂ ಬಿಚ್ಚದೆ ಮಾಳಪ್ಪ ಬಸ್ಸು ಹತ್ತಿದ.

ಚಂದವ್ವ ಬಂದಳು. ಅವಳ ಮನೆಯಲ್ಲಿ ಇಬ್ಬರು ಸೊಸೆಯಂದಿರು, ಯಾರು ಹೆಚ್ಚು ದುಡಿಯುತ್ತಾರೆ ಎಂಬ ಜಗಳ ಮದುವೆಯಾದಾಗಿನಿಂದ ನಡೆದಿತ್ತು. ನೀರು ತರುವುದು, ರೊಟ್ಟಿ ಬಡಿಯುವುದು, ಸೆಗಣಿ ಬಳಿಯುವುದು, ಒಂದೊಂದಕ್ಕೂ ಇಷ್ಟಿಷ್ಟು ಎಂದು ಅವಳೇ ಕಟ್ಟಿ ಕೊಟ್ಟಳು. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು: ಇಬ್ಬರೂ ಸರಿಸಮ. ಚಂದವ್ವ ಬಾಗಿ ಪರದೆಯನ್ನು ಎರಡು ಸಲ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷದ ಜಗಳ ಹಿಂಗ ಮುಗಸಿಬಿಟ್ಯಾ? ಹಂಗಾರ ಇನ್ನ ಆ ಮನ್ಯಾಗ ನನ್ನ ಯಾರು ಕೇಳ್ತಾರಪಾ?" ಹೋಗುವಾಗ ಅವಳೂ ತನ್ನ ಹದಿನೈದು ಎಲ್ಲಿ ಎಂದು ಕೇಳಿ, ತೊಂಬತ್ತಾರು ನೋಡಿ, ಅಮಸಿದ್ದಪ್ಪನಿಗೆ ಕಳ್ಳ ಎಂದು ಹೆಸರಿಟ್ಟು ಹೋದಳು.

ಅಧ್ಯಕ್ಷರ ಮೂವತ್ತು ಪಾಲಿಗೂ ಅದೇ ಗತಿ. ಸಾಹೇಬರು ಬರುವ ದಿನ ಗೊತ್ತಾಯಿತು. ಅಮಸಿದ್ದಪ್ಪನಿಗೆ ಊಟ ಸೇರದಾಯಿತು. ಲಗಮವ್ವ ಹಳೆಯ ಅಜವಾನದ ಪೊಟ್ಟಣ ಹುಡುಕಿ ಗೂಟಕ್ಕೆ ಸಿಗಿಸಿದಳು.

"ಚಾಚಾ, ಏನ್ ಮಾಡ್ಲಿ?" ಎಂದು ಇಮಾಮಸಾಬನ ಮುಂದೆ ಅತ್ತುಕೊಂಡ. "ಎಂಥಾ ಕೆಲಸ ಕೊಟ್ರೂ ಗಪ್ ಅಂತ ಮುಗಿಸಿ ಮತ್ತ ಖಾಲಿ ಕುಂದರ್ತೈತಿ ಇದು."

ಇಮಾಮಸಾಬ ಸಂಘದಷ್ಟೇ ಹಳಬ. ಚಹಾದ ಗ್ಲಾಸು ತೊಳೆಯುತ್ತ ಹೇಳಿದ. "ಅದಕ್ಕ ನೌಕರಿ ಮಾಡಾಕ ಬರಂಗಿಲ್ಲ ಸಿದ್ದಣ್ಣಾ. ಹೊಸದೈತಿ. ಸಾಹೇಬ್ರು ಬಂದಾಗ ನಾ ಏನ್ ಮಾಡ್ತೀನಿ ನೋಡಿಲ್ಲೇನು? ಒಂದ ಗ್ಲಾಸು ತಗೊಂಡು ತೊಳಕೋಂತ ನಿಂದಿರ್ತೀನಿ. ಅವರು ಜೀಪು ಹತ್ತೂತನಕಾ ಆ ಗ್ಲಾಸು ಸ್ವಚ್ಛ ಆಗಂಗಿಲ್ಲ."

ಅಮಸಿದ್ದಪ್ಪನಿಗೆ ತಟ್ಟನೆ ನೆನಪಾಯಿತು. ಇಂಜಿನಿಯರು ಹೊರಡುವ ಮುನ್ನ ಯಂತ್ರ ಸರಿಯಿದೆಯೋ ನೋಡಲು ಒಂದು ಎಣಿಕೆ ಹಾಕಿ ತೋರಿಸಿದ್ದ. ಒಂದರಿಂದ ಎಣಿಸು ಅಂದರೆ ಯಂತ್ರ 'ಎಲ್ಲಿಯವರೆಗೆ?' ಎಂದು ಕೇಳುತ್ತದೆ. ಹೇಳಿದಷ್ಟು ಎಣಿಸಿ ನಿಲ್ಲುತ್ತದೆ. ಹೇಳದೇ ಬಿಟ್ಟರೆ? ಇವನು ಎಣಿಕೆ ಹಾಕಿದ. ಯಂತ್ರ ಎಲ್ಲಿಯವರೆಗೆ ಎಂದು ಕೇಳಿತು. ಏನೂ ಹೇಳದೆ, ದೇವರ ಹೆಸರು ತೆಗೆದುಕೊಂಡು ಗುಂಡಿ ಒತ್ತಿದ. ಯಂತ್ರ ಗುಂಯ್ ಅಂದಿತು. ಹಾಲುಹವಾಲು ತೆಗೆದು ನೋಡಿದರೆ ಐಡಲ್: ಸೊನ್ನೆ!

"ಚಾಚಾ, ಸೊನ್ನಿ! ಸೊನ್ನಿ ಬಂತು!" ಎಂದು ಅಂಗಳಕ್ಕೆ ಓಡಿಬಂದ. ಸೊನ್ನೆ ಬಂದದ್ದಕ್ಕೆ ಕುಣಿದಾಡಿದ ಮನುಷ್ಯ ಇಳಕಲ್ಲಿನ ಚರಿತ್ರೆಯಲ್ಲಿ ಇವನೊಬ್ಬನೇ ಇರಬೇಕು.

ಒಂದೇ ಎಣಿಕೆ ಹಾಕಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಪಾಲುದಾರರು ಬಿಡಬೇಕಲ್ಲ? ತಮ್ಮ ತಮ್ಮ ಹೆಸರಿನ ಮುಂದೆ ಪಾಲು ಕಾಣಬೇಕು ಅಂದರು. ಅಮಸಿದ್ದಪ್ಪ ಒಬ್ಬೊಬ್ಬ ನಿರ್ದೇಶಕರ ಹೆಸರಿನಲ್ಲಿ ಒಂದೊಂದು ಎಣಿಕೆ ಹಾಕಿದ. ಮುದಕಪ್ಪನವರು ಎಲೆ ಅಡಿಕೆ ಡಬ್ಬಿ ಇಳಿಸಿ, ಕಸೂತಿ ಬಟ್ಟೆ ತೆಗೆದು, ಮೊದಲ ಬಾರಿಗೆ ತಮ್ಮ ಪರದೆ ನೋಡಿದರು. ನೋಡಿದವರೇ ಚೀರಿದರು.

"ಅಮಸಿದ್ದಾ! ನನ್ನ ಹೆಸರಿಗೆ ಹನ್ನೆರಡು, ಆ ಚಂದವ್ವನ ಹೆಸರಿಗೂ ಹನ್ನೆರಡು! ಅಧ್ಯಕ್ಷ ನಾನೋ ಅಕಿನೋ?"

ಯಂತ್ರಕ್ಕೆ ಮನುಷ್ಯರ ಪರಿಚಯ ಎಲ್ಲಿರಬೇಕು? ಎಲ್ಲರಿಗೂ ಸಮ ಬಡಿಸಿತ್ತು. ಅಮಸಿದ್ದಪ್ಪ ಅಧ್ಯಕ್ಷರ ಹೆಸರಿನಲ್ಲಿ ಇನ್ನೊಂದು ಎಣಿಕೆ ಹಾಕಿದ, ಅವರದು ಹೆಚ್ಚಾಯಿತು. ಮಾಳಪ್ಪ ಬಾದಾಮಿಯಿಂದ ಬಂದು ನೋಡಿ, ತನಗೂ ಇನ್ನೊಂದು ಹಾಕಿಸಿದ. ಚಂದವ್ವ ಬಂದು ಎರಡು ಹಾಕಿಸಿದಳು, ಒಂದು ಹಿರಿಸೊಸೆಯ ಹೆಸರಿಗೆ, ಒಂದು ಕಿರಿಸೊಸೆಯ ಹೆಸರಿಗೆ. ಜಗಳ ಮತ್ತೆ ಶುರುವಾಗಲಿ ಎಂಬ ಆಸೆ ಅವಳಿಗೆ. ಮುದಕಪ್ಪನವರು ಬೀಗರ ಹೆಸರಿನಲ್ಲಿ ಹಾಕಿಸಿದರು. ಒಬ್ಬ ನಿರ್ದೇಶಕರು ಸತ್ತ ತಂದೆಯ ಹೆಸರಿನಲ್ಲಿ ಹಾಕಿಸಿ, ಪರದೆಗೆ ಕೈಮುಗಿದು ಹೋದರು. ಯಂತ್ರ ಎಲ್ಲರ ಹೆಸರಿನಲ್ಲೂ ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಇತ್ತು. ಏನು ಎಣಿಸುತ್ತಿದೆ ಎಂದು ಯಾರೂ ಕೇಳಲಿಲ್ಲ. ತಮ್ಮದು ನಡೆದಿದೆಯಲ್ಲ, ಸಾಕು.

ಕೇಳಿದವನು ಅಮೀನಸಾಬ ಒಬ್ಬನೇ. ಮೊದಲೆಲ್ಲ ಅವನು ಗುಂಡಿ ಒತ್ತಿದರೆ ತೂಕದ ಚೀಟಿ ಪಟಪಟನೆ ಹೊರಗೆ ಬೀಳುತ್ತಿತ್ತು. ಈಗ ಒತ್ತಿ, ನಮಾಜು ಮುಗಿಸಿಕೊಂಡು ಬಂದರೂ ಅರ್ಧ ಹೆಸರು ಬಂದಿರುತ್ತಿರಲಿಲ್ಲ. ಉಣ್ಣೆ ತಂದವರು ಅಂಗಳದ ತುಂಬ ಕಂಬಳಿ ಹಾಸಿ ಕುಳಿತುಬಿಟ್ಟರು. "ಸಿದ್ದಣ್ಣಾ, ಯಂತ್ರಕ್ಕೇನಾಗೈತಿ?" ಎಂದು ಕೇಳಿದರೆ, ಅಮಸಿದ್ದಪ್ಪ ನೆಲ ನೋಡುತ್ತ, "ಭಾಳ ಕೆಲಸ ಬಿದ್ದೈತಿ ಕಾಕಾ," ಅನ್ನುತ್ತಿದ್ದ. ಅಮೀನಸಾಬ ಒಂದು ನಿಟ್ಟುಸಿರು ಬಿಟ್ಟು ಹಳೆಯ ಮಸಿಕುಡಿಕೆ, ಟಾಕು ತೊಳೆದು, ಚೀಟಿಗಳನ್ನು ಕೈಯಲ್ಲೇ ಬರೆಯತೊಡಗಿದ. ಅವನ ಕೈಗೆ ಸಾಲದಾದಾಗ ಕಸ ಹೊಡೆಯುವ ಹನಮವ್ವನೂ ಎರಡನೇ ಇಯತ್ತೆಯ ಅಕ್ಷರದಲ್ಲಿ ಬರೆದಳು. ಇಮಾಮಸಾಬ ಚೀಟಿ ಹಂಚಿದ.

ಸಾಹೇಬರ ಜೀಪು ಬಂತು. ಮೈಸೂರಿನ ಕಡೆಯವರು, ಬಿಳಿ ಅಂಗಿ, ಕೈಯಲ್ಲಿ ಕರವಸ್ತ್ರ. ಅಂಗಳದಲ್ಲಿ ಬರೆಯುತ್ತಿದ್ದವರನ್ನು ದಾಟಿಕೊಂಡು ನೇರವಾಗಿ ಗಾಜಿನ ಖೋಲಿಗೆ ನಡೆದರು. ಹಿಂದೆ ಮುದಕಪ್ಪ, ಮಾಳಪ್ಪ, ಚಂದವ್ವ. ಮಾಳಪ್ಪನ ಲಾರಿ ರಸ್ತೆಯಲ್ಲಿ ನಿಂತೇ ಇತ್ತು, ಹಗ್ಗ ಸಮೇತ. ಅಮಸಿದ್ದಪ್ಪ ನಾಲ್ಕು ಅಕ್ಷರ ಒತ್ತಿದ.

"ಐಡಲ್ ಸೊನ್ನೆ?" ಸಾಹೇಬರು ಕನ್ನಡಕ ಒರೆಸಿ ಮತ್ತೆ ನೋಡಿದರು. "ಏನ್ರೀ ಇದು! ಇಡೀ ಜಿಲ್ಲೆ ಸುತ್ತಿದೀನಿ. ಇಂಥದ್ದು ಎಲ್ಲೂ ನೋಡ್ಲಿಲ್ಲ. ಬಳಕೆದಾರರೇ ಎಷ್ಟು ಜನ! ಭೇಷ್! ಯಂತ್ರ ಇಲ್ಲೇ ಇರಲಿ. ಅಲುಗಾಡಿಸಕೂಡದು."

ಮಾಳಪ್ಪ ಹೊರಗೆ ಹೋಗಿ ಲಾರಿಯವನಿಗೆ ಹೋಗು ಎಂದು ಕೈ ಮಾಡಿ ಬಂದ. ಮುದಕಪ್ಪನವರ ಮೀಸೆ ಮೇಲಕ್ಕೆದ್ದಿತು. ಅಮಸಿದ್ದಪ್ಪ ಎದೆತುಂಬ ತಂಪು ಗಾಳಿ ಎಳೆದುಕೊಂಡ. ಬದುಕಿಕೊಂಡೆ ಅಂದುಕೊಂಡ.

"ಆದರೆ," ಅಂದರು ಸಾಹೇಬರು, ಗಾಜಿನಾಚೆ ಅಂಗಳದ ಕಡೆ ತಿರುಗಿ. "ಇಷ್ಟೆಲ್ಲ ಕೆಲಸ ಯಂತ್ರವೇ ಮಾಡ್ತಿದೆ ಅಂದ ಮೇಲೆ ಈ ಜನ ಎಲ್ಲ ಯಾಕ್ರೀ? ಅವರೆಲ್ಲ ಯಾರು?"

"ಅವಾ ಅಮೀನಸಾಬ, ಕಾರಕೂನ್ರಿ. ಅಕಿ ಹನಮವ್ವ. ಅವಾ ಇಮಾಮಸಾಬ, ಸಿಪಾಯಿ," ಅಂದರು ಮುದಕಪ್ಪನವರು.

"ಹೆಚ್ಚುವರಿ ಸಿಬ್ಬಂದಿ. ಈ ತಿಂಗಳೇ ಎಲ್ಲರನ್ನೂ ಮನೆಗೆ ಕಳಿಸಿಬಿಡಿ. ಯಂತ್ರ, ಅದನ್ನ ನೋಡ್ಕೊಳ್ಳೋಕೆ ಇವರೊಬ್ಬರು, ಸಾಕು. ಏನಂತೀರಿ ಅಧ್ಯಕ್ಷರೇ?"

"ತಾವು ಅಂದಂಗ್ರಿ," ಅಂದರು ಮುದಕಪ್ಪನವರು. ಯಂತ್ರ ಉಳಿಯಿತಲ್ಲ, ಅವರಿಗಷ್ಟೇ ಬೇಕಿತ್ತು.

ಬಾಗಿಲ ಹೊರಗೆ ಇಮಾಮಸಾಬನ ಕೈಯಲ್ಲಿದ್ದ ಗ್ಲಾಸು ಬಿದ್ದು ಒಡೆಯಿತು. ಹನಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಮೀನಸಾಬ ಮಾತ್ರ ಅರ್ಧ ಬರೆದ ಚೀಟಿ ಮುಗಿಸುತ್ತಿದ್ದ; ಎದುರಿಗೆ ಕುಳಿತ ಮುದುಕಿಗೆ ಬಸ್ಸು ತಪ್ಪಬಾರದಲ್ಲ. ಅದನ್ನು ನೋಡಿ ಅಮಸಿದ್ದಪ್ಪ ಒಂದು ಹೆಜ್ಜೆ ಮುಂದೆ ಬಂದ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಮೂಗು ಉಳಿಯುತ್ತಿತ್ತು. ಬಾಯಿ ತೆರೆದರೆ ರಾಮಥಾಳ.

"ಸಾಹೇಬ್ರ," ಎಂದ. "ಈ ಯಂತ್ರ ಏನೂ ಮಾಡಾಕತ್ತಿಲ್ರಿ."

"ಏನಂದ್ರಿ?"

"ಸುಮ್ನ ಎಣಸಾಕತ್ತೈತ್ರಿ. ಒಂದು, ಎರಡು, ಮೂರು ಅಂತ. ಇವರೆಲ್ಲಾರ ಹೆಸರಿನ್ಯಾಗ ನಾನ ಹಾಕೀನಿ. ಸಂಘದ ಕೆಲಸ ಮಾಡಾಕತ್ತವ್ರು ಹೊರಗ ಕುಂತಾರಲ್ರಿ, ಅವರು. ಯಂತ್ರಾ ಬಾದಾಮಿಗೆ ಬೇಕಾದ್ರ ಒಯ್ರಿ, ನನ್ನ ಗೋದಾಮಿಗೆ ಬೇಕಾದ್ರ ಕಳಸ್ರಿ. ಅವರ ಅನ್ನಾ ಕಸೀಬ್ಯಾಡ್ರಿ."

ಮುದಕಪ್ಪನವರು "ಲೇ ಹುಚ್ಚಪ್ಯಾಲಿ!" ಎಂದು ಮುಂದೆ ನುಗ್ಗಿದರು. ಲಾರಿ ಕಳಿಸಿದ್ದಕ್ಕೆ ಮಾಳಪ್ಪ ಹಣೆ ಹಣೆ ಬಡಿದುಕೊಂಡು ರಸ್ತೆಗೆ ಓಡಿದ. ಸಾಹೇಬರು ಕೈಯೆತ್ತಿ ಎಲ್ಲರನ್ನೂ ಹೊರಗೆ ಕಳಿಸಿದರು. ಗಾಜಿನ ಬಾಗಿಲು ಹಾಕಿದರು. ಪರದೆಯ ಮುಂದಿನ ಕುರ್ಚಿಯಲ್ಲಿ ಮೆಲ್ಲಗೆ ಕುಳಿತರು. ಅಷ್ಟು ತಂಪಿನಲ್ಲೂ ಅವರ ಹಣೆಯಲ್ಲಿ ಬೆವರಿತ್ತು.

"ಬಾಗಲಕೋಟೆ ಹತ್ತಿ ಸಂಘದಲ್ಲಿ ತೊಂಬತ್ತೆಂಟು ಖಾಲಿ," ಅಂದರು ಸಣ್ಣ ದನಿಯಲ್ಲಿ. "ಹುನಗುಂದದ ಎಣ್ಣೆಕಾಳು ಸಂಘದಲ್ಲಿ ತೊಂಬತ್ತೇಳು. ಎಲ್ಲ ಯಂತ್ರಗಳಿಗೂ ಶಿಫಾರಸು ಮಾಡಿದೋನು ನಾನೇ. ಬೆಂಗಳೂರಿನಿಂದ ವಿಚಾರಣೆ ಬರ್ತಾ ಇದೆ ಕಣ್ರೀ. ಇಲ್ಲಿನ ಸೊನ್ನೆ ನೋಡಿ ಹೋದ ಜೀವ ಬಂದ ಹಾಗಾಗಿತ್ತು."

ಅಮಸಿದ್ದಪ್ಪ ಹತ್ತಿರ ಹೋದ. "ನೀರು ಬೇಕೇನ್ರಿ?" ಅಂದ.

"ಈ ಎಣಿಕೆ... ತಾನಾಗಿ ನಿಲ್ಲಲ್ವಾ?"

"ಇಲ್ರಿ. ನಾವು ಸತ್ರೂ ಎಣಸ್ತೈತ್ರಿ."

"ಬೇರೆ ಊರಿನ ಯಂತ್ರಕ್ಕೂ ಹಾಕಬಹುದಾ?"

"ಹಾಕಬಹುದ್ರಿ. ಗುಂಡಿ ಒತ್ತೂದಷ್ಟ."

ಸಾಹೇಬರು ಎದ್ದರು. ಮುಖ ಒರೆಸಿದರು, ಕಾಲರು ಸರಿಮಾಡಿಕೊಂಡರು, ಮತ್ತೆ ಸಾಹೇಬರಾದರು. "ನಾಳೆಯಿಂದ ನೀವು ವಿಶೇಷ ಕರ್ತವ್ಯದ ಮೇಲೆ. ಮೊದಲು ಬಾಗಲಕೋಟೆ, ಆಮೇಲೆ ಹುನಗುಂದ. ಉಳಿದ ಹೊತ್ತಿನಲ್ಲಿ ಇದೇ ಖೋಲಿ ನಿಮ್ಮದು. ಯಂತ್ರ ಎಣಿಸೋ ವಿಷಯ ಯಾರಿಗೂ ಹೇಳಕೂಡದು."

"ಹೊರಗಿನ ಮಂದಿ, ಸಾಹೇಬ್ರ?" ಎಂದ ಅಮಸಿದ್ದಪ್ಪ, ಬಾಗಿಲಿಗೆ ಅಡ್ಡ ನಿಂತು. ಜೀವಮಾನದಲ್ಲಿ ಮೊದಲ ಸಲ ಅವನು ಒಬ್ಬ ಸಾಹೇಬರಿಗೆ ಅಡ್ಡ ನಿಂತಿದ್ದು.

ಸಾಹೇಬರು ಅವನನ್ನು ಸರಿಸಿ ಬಾಗಿಲು ತೆರೆದರು. ಅಂಗಳದಲ್ಲಿ ಎಲ್ಲರೂ ಎದ್ದು ನಿಂತರು. ಸಾಹೇಬರು ಗಂಟಲು ಸರಿಪಡಿಸಿಕೊಂಡು, ಭಾಷಣದ ದನಿಯಲ್ಲಿ ಹೇಳಿದರು: "ಸಮಗ್ರವಾಗಿ ಪರಿಶೀಲಿಸಿದೀನಿ. ಒಬ್ಬರನ್ನೂ ತೆಗೀಕೂಡದು. ಯಂತ್ರಕ್ಕೆ ಒಂದು ಕ್ಷಣ ಪುರುಸೊತ್ತಿಲ್ಲ. ಅದು ಇಷ್ಟು ಬಿಡುವಿಲ್ಲದೆ ಇರುವಾಗ ಸಂಘದ ಕೆಲಸ ಮಾಡೋಕೆ ಜನ ಬೇಡ್ವೇನ್ರೀ?"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮುದಕಪ್ಪನವರು. ಹನಮವ್ವ ಸಾಹೇಬರ ಕಾಲಿಗೆ ಬಿದ್ದಳು. ಇಮಾಮಸಾಬ ಬಂದು ಅಮಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟ. ಜೀಪು ಧೂಳೆಬ್ಬಿಸುತ್ತ ವಿಜಾಪುರದ ದಾರಿ ಹಿಡಿಯಿತು.

ಅಮೀನಸಾಬ ಮಾತ್ರ ತಲೆಯೆತ್ತಿರಲಿಲ್ಲ. ಅವನ ಮುಂದೆ ಇನ್ನೂ ಉದ್ದನೆಯ ಸಾಲು ಕುಳಿತಿತ್ತು. "ಸಿದ್ದಣ್ಣಾ, ಸುಮ್ನ ನಿಂತೀಯಲ್ಲೋ," ಅಂದ. "ಬಾ, ನೀನೂ ಒಂದು ಟಾಕು ಹಿಡಿ. ಯಂತ್ರಕ್ಕ ಕೆಲಸ ಐತಿ."

ಅಮಸಿದ್ದಪ್ಪ ಯಂತ್ರದ ಖೋಲಿಯ ಬಾಗಿಲು ಎಳೆದು ಹಾಕಿ ಬಂದು, ಉಣ್ಣೆಯ ಗಂಟುಗಳ ನಡುವೆ ಜಾಗ ಮಾಡಿಕೊಂಡು ಕುಳಿತು, ಚೀಟಿ ಬರೆಯತೊಡಗಿದ.